ಬೋರೆ ನೆಲದ ಪುಟ್ಟ ಪ್ರಜೆಗಳು

ಮರುಭೂಮಿಯ ಅಂಚಿನಲ್ಲಿ ತೆಗೆದ ಚಿತ್ರಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಥಾರ್‌ನ ಮರಳಿನಲ್ಲಿ ಅರ್ಧ ಹೂತುಕೊಂಡ ಓತಿ, ಒಣ ಮುಳ್ಳುಗಿಡದ ಮೇಲೆ ಕೂತ ಮಿಡತೆ, ಬಿಸಿಲು ಕಾಯಿಸುತ್ತಿರುವ ಉಡ. ನನ್ನ ಮೊಮ್ಮಗಳು ಅಂಥ ಚಿತ್ರ ಕಂಡಾಗಲೆಲ್ಲ, 'ತಾತ, ನಮ್ಮ ಕಡೆ ಯಾಕೆ ಮರುಭೂಮಿ ಇಲ್ಲ?' ಎಂದು ಬೇಸರಪಡುತ್ತಾಳೆ. ಇಲ್ಲದಿರುವುದೇ ನಮ್ಮ ಪುಣ್ಯ ಎನ್ನುತ್ತೇನೆ ನಾನು. ಆದರೆ ಮರುಭೂಮಿಯ ದೂರದ ನೆಂಟನೊಬ್ಬ ನಮ್ಮ ಸೀಮೆಯಲ್ಲೂ ಇದ್ದಾನೆ. ಅವನ ಹೆಸರು ಬೋರೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಇವು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ತಾಲ್ಲೂಕುಗಳು. ಒಂದು ಕಡೆ ನಾಗರಹೊಳೆಯ ಕಾಡು. ಇನ್ನೊಂದು ಕಡೆ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನೀರು ಕಂಡ ಗದ್ದೆ, ತೋಟ. ಇವೆರಡರ ನಡುವೆ ಕಾಲುವೆಯ ನೀರೂ ಹತ್ತದ, ಕಾಡು ಎಂದೂ ಕರೆಸಿಕೊಳ್ಳದ ಗರಸು ಮಣ್ಣಿನ ಏರುನೆಲ ಅಲ್ಲಲ್ಲಿ ಉಳಿದಿದೆ. ಎಕ್ಕ, ತಂಗಡಿ, ಬಂದರೆ, ಕಾರೆ, ಜಾಲಿ, ಲಂಟಾನ ಬಿಟ್ಟರೆ ಅಲ್ಲಿ ಬೇರೆ ಗಿಡ ಕಡಿಮೆ. ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ನೆಲ ಕಾದ ಹೆಂಚು. ದಾರಿಹೋಕರ ಕಣ್ಣಿಗೆ ಅದು ಖಾಲಿ ಜಾಗ. ಖಾಲಿ ಅಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ನಾನು ಓದಿದ್ದು ಬಿ.ಕಾಂ., ಪ್ರಾಣಿಶಾಸ್ತ್ರವಲ್ಲ. ಬ್ಯಾಂಕಿನ ಗುಮಾಸ್ತನಾಗಿ ವರ್ಗಾವಣೆಯ ಮೇಲೆ ವರ್ಗಾವಣೆ ಪಡೆದು ಈ ನಾಲ್ಕೂ ತಾಲ್ಲೂಕುಗಳ ಶಾಖೆಗಳಲ್ಲಿ ಕೂತವನು. ಸರಗೂರು ಆಗ ಇನ್ನೂ ಎಚ್.ಡಿ. ಕೋಟೆಗೇ ಸೇರಿತ್ತು. ವಾರವೆಲ್ಲ ಲೆಡ್ಜರ್, ಭಾನುವಾರ ಸೈಕಲ್, ಹೆಗಲಿಗೆ ಕ್ಯಾಮೆರಾ. ಈಗ ಎಪ್ಪತ್ತು ದಾಟಿದ ಮೇಲೆ ಲೆಡ್ಜರ್ ಇಲ್ಲ, ಸೈಕಲ್ಲೂ ಇಲ್ಲ. ಕ್ಯಾಮೆರಾ ಮಾತ್ರ ಇದೆ.

ಹನ್ನೆರಡು ಚಿತ್ರಗಳ ಕಾಲ

ನನ್ನ ಓರಗೆಯವರಿಗೆ ಆಗ್ಫಾ ಕ್ಲಿಕ್ ತ್ರೀ ನೆನಪಿರಬೇಕು. ಒಂದು ರೋಲಿಗೆ 12 ಚಿತ್ರ. ಮದುವೆ, ನಾಮಕರಣ, ಜಾತ್ರೆ ಮುಗಿದ ಮೇಲೆ ಒಂದೆರಡು ಉಳಿದರೆ ಅದು ನಮ್ಮ ಭಾಗ್ಯ. ಆ ಕ್ಯಾಮೆರಾದಲ್ಲಿ ಹತ್ತಿರದ ವಸ್ತು ಸ್ಪಷ್ಟವಾಗಿ ಬೀಳುತ್ತಿರಲಿಲ್ಲ. ಆನೆ ತೆಗೆಯಬಹುದಿತ್ತು, ಇರುವೆ ಸಾಧ್ಯವಿರಲಿಲ್ಲ. ಆಮೇಲೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಬಂತು. ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಬಳೆಯಂಥ ಕೊಳವೆಯೊಂದನ್ನು ಸೇರಿಸಿದರೆ ಮಿಡತೆಯ ಕಣ್ಣು ಕೂಡ ಚೌಕಟ್ಟು ತುಂಬುವಷ್ಟು ದೊಡ್ಡದಾಗಿ ಕಾಣುತ್ತಿತ್ತು. ಒಂದು ರೋಲಿಗೆ 36 ಚಿತ್ರ, ತೊಳೆಸಲು ಮೈಸೂರಿಗೆ ಹೋಗಬೇಕು, ಫಲಿತಾಂಶ ತಿಳಿಯಲು ವಾರ ಕಾಯಬೇಕು.

ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ದೊಡ್ಡ ಪರಂಪರೆಯೇ ಇದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಫಿಲ್ಮಿನ ಕಾಲದಲ್ಲೇ ವನ್ಯಜೀವಿ ಛಾಯಾಗ್ರಹಣದಲ್ಲಿ ಕರ್ನಾಟಕಕ್ಕೆ ಹೆಸರು ತಂದವರು. ಕೀಟಗಳ ಸಮೀಪಚಿತ್ರಕ್ಕೆ ಕೆ. ಜಯರಾಂ ಹೆಸರಾದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಪೆನ್ನಿನಷ್ಟೇ ಕ್ಯಾಮೆರಾವನ್ನೂ ಪ್ರೀತಿಸಿದರು. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದಿತು. ನಮ್ಮ ನಾಗರಹೊಳೆಯಲ್ಲಿಯೇ 1990ರ ದಶಕದಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು ಕಾಡುದಾರಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು, ಹುಲಿಗಳನ್ನು ಅವುಗಳ ಪಟ್ಟೆಯಿಂದಲೇ ಗುರುತಿಸಿ ಲೆಕ್ಕ ಹಾಕಿದರು. ಫೋಟೊ ಎಂದರೆ ಗೋಡೆಗೆ ತೂಗುಹಾಕುವ ಅಂದ ಮಾತ್ರವಲ್ಲ, ಅದೊಂದು ದಾಖಲೆ ಎಂದು ನನ್ನಂಥ ಗುಮಾಸ್ತನಿಗೆ ಮನವರಿಕೆಯಾದದ್ದು ಅದರಿಂದ.

ಹುಲಿ ಅವರ ಪಾಲಿಗಿರಲಿ. ನಾನು ಕಾಡಿನ ಹೊರಗೆ, ಬೋರೆಯ ಮೇಲೆ ಮಂಡಿಯೂರಿದೆ. 'ಏನ್ ಬುದ್ಧಿ, ನೆಲ ಮೂಸ್ತಾ ಇದ್ದೀರಲ್ಲ, ಏನಾರಾ ಕಳ್ಕಂಡ್ರಾ?' ಎಂದು ದನ ಮೇಯಿಸುವವರು ಕೇಳುತ್ತಿದ್ದರು. ಕ್ಯಾಮೆರಾದ ಕಿಂಡಿಯಲ್ಲಿ ಒಮ್ಮೆ ಇಣುಕಲು ಕೊಟ್ಟರೆ ಸಾಕು, ಮರುವಾರ ಅವರೇ 'ಅಲ್ಲೊಂದು ಅದೆ, ಬನ್ನಿ' ಎಂದು ಕರೆದೊಯ್ಯುತ್ತಿದ್ದರು. ನನಗೆ ಸಿಕ್ಕ ಒಳ್ಳೆಯ ಚಿತ್ರಗಳಲ್ಲಿ ಅರ್ಧದಷ್ಟು ಅವರು ತೋರಿಸಿದವು.

ಒಂದು ಎಕ್ಕದ ಗಿಡ, ಹಲವು ಸಂಸಾರ

ಎಲ್ಲಿಂದ ಶುರು ಮಾಡಲಿ ಎನ್ನುವ ಮಕ್ಕಳಿಗೆ ನಾನು ಹೇಳುವುದು ಒಂದೇ: ಎಕ್ಕದ ಗಿಡದಿಂದ. ದನ ಮುಟ್ಟದ ಗಿಡ ಅದು. ಅದರ ಹಾಲು ವಿಷ. ಕಣ್ಣಿಗೆ ತಾಗಬಾರದು, ಎಚ್ಚರ. ಆದರೆ ಅದನ್ನೇ ನಂಬಿ ಬದುಕುವವರು ಎಷ್ಟು ಜನ!

ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳದಂಥ ಒಂದು ಹುಳ ಎಲೆಯಡಿ ಕಾಣುತ್ತದೆ. ರೋಮವಿಲ್ಲದ ನಯವಾದ ಮೈ. ಅದು ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿ. ತಿನ್ನುವ ಮೊದಲು ಎಲೆಯ ನರವನ್ನು ಕಚ್ಚಿ ಹಾಲು ಸೋರಿಹೋಗುವಂತೆ ಮಾಡಿ, ಆಮೇಲೆ ಊಟಕ್ಕೆ ಕೂರುತ್ತದೆ. ಆದರೂ ಒಂದಷ್ಟು ವಿಷ ಮೈಸೇರುತ್ತದೆ. ಅದೇ ಅದಕ್ಕೆ ರಕ್ಷೆ. ಒಮ್ಮೆ ತಿಂದು ಕಹಿ ಉಂಡ ಹಕ್ಕಿ ಮತ್ತೆ ಆ ಬಣ್ಣದ ಚಿಟ್ಟೆಯ ತಂಟೆಗೆ ಬರುವುದಿಲ್ಲ. ತಮಾಷೆ ಇರುವುದು ಇಲ್ಲಿ: ಡನೇಯ್ಡ್ ಎಗ್‌ಫ್ಲೈ ಎಂಬ ಬೇರೊಂದು ಚಿಟ್ಟೆಯ ಹೆಣ್ಣು ಥೇಟು ಇದೇ ವೇಷ ಹಾಕಿಕೊಂಡು ಹಾರಾಡುತ್ತದೆ. ಅದರ ಮೈಯಲ್ಲಿ ಈ ವಿಷವಿಲ್ಲ, ವೇಷವೊಂದೇ ಬಂಡವಾಳ. ನಮ್ಮ ಕಣ್ಣೂ ಮೋಸಹೋಗುತ್ತದೆ. ಫೋಟೊ ತೆಗೆದು ರೆಕ್ಕೆಯ ಚುಕ್ಕೆಗಳನ್ನು ಹೋಲಿಸಿ ನೋಡಿದಾಗಲೇ ಗುಟ್ಟು ಬಯಲಾಗುವುದು.

ಅದೇ ಗಿಡದ ಮೇಲೆ ನೀಲಿ–ಹಳದಿ ಪಟ್ಟೆಯ ದಪ್ಪ ಮಿಡತೆ ಇರುತ್ತದೆ. ಅದರ ಮರಿಯನ್ನು ಹಿಡಿಯಹೋದರೆ ಪಿಚಕಾರಿಯಂತೆ ರಸ ಚಿಮ್ಮಿಸುತ್ತದೆ. ಎಳೆ ಚಿಗುರಿನಲ್ಲಿ ಹಳದಿ ಹೇನುಗಳ ಸಂತೆ, ಆ ಹೇನು ತಿನ್ನಲು ಬಂದ ಗುಲಗಂಜಿ ಹುಳ, ಹೂವಿಗೆ ಕಪ್ಪು ದುಂಬಿ, ಇವರೆಲ್ಲರನ್ನೂ ಹಿಡಿಯಲು ಕೈಮುಗಿದು ಕೂತ ಸೂರ್ಯನ ಕುದುರೆ. ಇಡೀ ಊರೇ ಒಂದು ಗಿಡದಲ್ಲಿ. ನಿವೃತ್ತಿಯ ನಂತರ ನಾನು ಬೆಳಗಿನ ಹೊತ್ತನ್ನೆಲ್ಲ ಒಂದೇ ಗಿಡದ ಮುಂದೆ ಕಳೆದ ದಿನಗಳಿವೆ. ಮಂಡಿ ನೋವೊಂದನ್ನು ಬಿಟ್ಟರೆ ಬೇರೆ ದೂರಿಲ್ಲ.

ಧೂಳಿನಲ್ಲಿ, ಸಗಣಿಯಲ್ಲಿ

ಹಳೆಯ ಹೊಗೆಸೊಪ್ಪಿನ ಬ್ಯಾರನ್ನಿನ ಸೂರಿನಡಿ, ಮಳೆ ತಾಗದ ನುಣ್ಣನೆ ಧೂಳಿನಲ್ಲಿ ಆಲಿಕೆಯಂಥ ಪುಟ್ಟ ಕುಳಿಗಳನ್ನು ನೋಡಿದ್ದೀರಾ? ತಾತಂದಿರನ್ನು ಕೇಳಿ. ಅದರ ಅಂಚಿಗೆ ಇರುವೆ ಬಿಟ್ಟು ಆಟವಾಡದವರು ಯಾರಿದ್ದಾರೆ! ಕುಳಿಯ ತಳದಲ್ಲಿ ಅವಿತಿರುವ ಹುಳವನ್ನು ಪುಸ್ತಕಗಳು ಇರುವೆಸಿಂಹ ಎನ್ನುತ್ತವೆ. ಇರುವೆ ಜಾರಿದೊಡನೆ ಅದು ತಲೆಯಿಂದ ಮಣ್ಣು ಎರಚಿ ಇನ್ನೂ ಕೆಳಕ್ಕೆ ಬೀಳಿಸುತ್ತದೆ. ಕುಳಿ ತೋಡುವಾಗ ನಡೆಯುವುದು ಹಿಂದುಹಿಂದಕ್ಕೆ. ಕೊನೆಗೊಂದು ದಿನ ಮಣ್ಣಿನುಂಡೆಯೊಳಗೆ ಕೋಶ ಕಟ್ಟಿ, ಏರೋಪ್ಲೇನ್ ಚಿಟ್ಟೆಯಂಥ ತೆಳು ರೆಕ್ಕೆಗಳೊಂದಿಗೆ ಹೊರಬರುತ್ತದೆ. ಕುಳಿಯಲ್ಲಿದ್ದಷ್ಟು ಕಾಲವೂ ಅದು ಮಲ ವಿಸರ್ಜಿಸುವುದೇ ಇಲ್ಲ, ಎಲ್ಲವನ್ನೂ ಹೊಟ್ಟೆಯಲ್ಲೇ ಉಳಿಸಿಕೊಂಡು ರೆಕ್ಕೆ ಬಂದ ಮೇಲೆ ಹೊರಹಾಕುತ್ತದೆ. ಇದನ್ನು ಕೇಳಿ ಮಕ್ಕಳು ಮುಖ ಕಿವುಚುತ್ತಾರೆ, ಆಮೇಲೆ ಇನ್ನೊಮ್ಮೆ ಹೇಳಿ ಎನ್ನುತ್ತಾರೆ.

ಎಚ್.ಡಿ. ಕೋಟೆಯ ಕಡೆ ಬೇಸಿಗೆಯಲ್ಲಿ ಕಬಿನಿ ಜಲಾಶಯ ಹಿಂದೆ ಸರಿದಾಗ ಬಿರುಕುಬಿಟ್ಟ ಕೆಸರುನೆಲ ಮೈಲಿಗಟ್ಟಲೆ ತೆರೆದುಕೊಳ್ಳುತ್ತದೆ. ಪ್ರವಾಸಿಗರು ಆನೆ ನೋಡುತ್ತಾರೆ, ನಾನು ಆನೆಯ ಲದ್ದಿ ಹುಡುಕುತ್ತೇನೆ. ಲದ್ದಿ ಬಿದ್ದ ಸ್ವಲ್ಪ ಹೊತ್ತಿಗೇ ಸಗಣಿಹುಳಗಳು ಹಾಜರು. ಕೆಲವು ಅಲ್ಲೇ ನೆಲಕ್ಕೆ ಸುರಂಗ ಕೊರೆಯುತ್ತವೆ, ಕೆಲವು ಉಂಡೆ ಕಟ್ಟಿ ಹಿಂಗಾಲಲ್ಲಿ ಉರುಳಿಸಿಕೊಂಡು ನೆಟ್ಟಗೆ ಹೊರಡುತ್ತವೆ. ದಕ್ಷಿಣ ಆಫ್ರಿಕದ ಒಂದು ಜಾತಿಯ ಸಗಣಿಹುಳ ರಾತ್ರಿಯ ಆಕಾಶಗಂಗೆಯ ಬೆಳಕನ್ನು ನೋಡಿಕೊಂಡು ದಾರಿ ತಪ್ಪದೆ ಸಾಗುತ್ತದೆ ಎಂದು 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹುಳದ ತಲೆಗೆ ಪುಟ್ಟ ಟೋಪಿ ಹಾಕಿ ಆಕಾಶ ಮರೆಮಾಡಿದಾಗ ಅದು ಸುತ್ತಿ ಸುತ್ತಿ ಅಲೆಯಿತಂತೆ!

ಮಳೆಗಾಲ ಮುಗಿಯುವ ಹೊತ್ತಿಗೆ ಕೆ.ಆರ್. ನಗರದ ಗದ್ದೆಗಳ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ ತೇಲುತ್ತವೆ. ಈ ಜಾತಿಯವು ಭಾರತದಿಂದ ಮಾಲ್ಡೀವ್ಸ್ ಮೂಲಕ ಸಮುದ್ರ ದಾಟಿ ಆಫ್ರಿಕ ಸೇರುತ್ತವೆ ಎಂದು ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ನಾವು ಮಕ್ಕಳಾಗಿದ್ದಾಗ ಬಾಲಕ್ಕೆ ದಾರ ಕಟ್ಟಿ ಆಡಿಸುತ್ತಿದ್ದದ್ದು ಇಂಥ ಪ್ರಯಾಣಿಕರನ್ನು.

ಗೋಸುಂಬೆಯೂ ಹಾವೂ

ಓತಿಕ್ಯಾತನನ್ನೇ ಗೋಸುಂಬೆ ಎಂದು ಕರೆಯುವವರು ಬಹಳ. ಬೇಲಿಯ ಮೇಲೆ ಕೂತು ತಲೆ ಕುಣಿಸುವ, ಸಂತಾನದ ಕಾಲದಲ್ಲಿ ಗಂಡಿನ ತಲೆ–ಕೊರಳು ಕೆಂಪಾಗುವ ಪ್ರಾಣಿ ಓತಿಕ್ಯಾತ. ಗೋಸುಂಬೆ ಬೇರೆ. ಅದರ ಎರಡು ಕಣ್ಣುಗಳು ಎರಡು ದಿಕ್ಕಿಗೆ ತಿರುಗುತ್ತವೆ. ಕಾಲ್ಬೆರಳುಗಳು ಎರಡು–ಮೂರಾಗಿ ಕೂಡಿಕೊಂಡು ಇಕ್ಕಳದಂತೆ ಕೊಂಬೆ ಹಿಡಿಯುತ್ತವೆ. ನಾಲಿಗೆ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಭಾರತದಲ್ಲಿರುವುದು ಗೋಸುಂಬೆಯ ಒಂದೇ ಒಂದು ಜಾತಿ. ಅದು ಕೂತ ಜಾಗದ ಬಣ್ಣಕ್ಕೆ ತಿರುಗುತ್ತದೆ ಎಂಬುದು ಅರ್ಧ ಸತ್ಯ. ಬಿಸಿಲು, ಚಳಿ, ಸಿಟ್ಟು, ಹೆದರಿಕೆ ಇವೂ ಅದರ ಬಣ್ಣ ಬದಲಿಸುತ್ತವೆ. ಮಡಗಾಸ್ಕರಿನ ಒಂದು ಗೋಸುಂಬೆಯ ಚರ್ಮದಲ್ಲಿ ಅತಿ ಸೂಕ್ಷ್ಮ ಹರಳುಗಳಿದ್ದು, ಅವುಗಳ ನಡುವಿನ ಅಂತರ ಬದಲಾದಂತೆ ಬಣ್ಣ ಬದಲಾಗುತ್ತದೆಂದು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಹಾಗಾಗಿ ಕ್ಯಾಮೆರಾ ಮುಂದೆ ಗೋಸುಂಬೆ ಕಪ್ಪಾಗುತ್ತಾ ಬಂದರೆ ಅದು ಸಂಕಟದಲ್ಲಿದೆ ಎಂದು ತಿಳಿದು ನಾನು ಎದ್ದುಬಿಡುತ್ತೇನೆ.

ಹಾವಿನ ವಿಷಯದಲ್ಲಿ ನನ್ನ ನಿಯಮ ಕಟ್ಟುನಿಟ್ಟು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕನ್ನು ಮಕ್ಕಳು ಚಿತ್ರದಲ್ಲಿ ನೋಡಿ ಗುರುತಿಸಲು ಕಲಿಯಲಿ, ಹೊಲದಲ್ಲಿ ಹತ್ತಿರ ಹೋಗಿ ಅಲ್ಲ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದುಕೊಂಡು ಹಿಡಿಯಹೋದವರಿದ್ದಾರೆ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ಕಡಿದರೆ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಡಿದ ಅಂಗವನ್ನು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ. ಮದ್ದಿರುವುದು ಅಲ್ಲಿ ಮಾತ್ರ.

'ಜಾಗ ಹೇಳಿ ಸಾಕು'

ಇನ್ನು ಮಣ್ಣುಮುಕ್ಕ ಹಾವಿನ ಕತೆ. ಬೋರೆಯ ಸಡಿಲ ಮಣ್ಣಿನಲ್ಲಿ ಹುದುಗಿರುವ ಈ ಹಾವಿಗೆ ವಿಷವಿಲ್ಲ. ಬಾಲ ಮೊಂಡು, ಎರಡನೇ ತಲೆಯಂತೆ ಕಾಣುತ್ತದೆ. ಅಪಾಯ ಬಂದಾಗ ನಿಜವಾದ ತಲೆಯನ್ನು ಸುರುಳಿಯಡಿ ಅಡಗಿಸಿ ಬಾಲವನ್ನು ಮುಂದೊಡ್ಡುತ್ತದೆ. ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಇಲಿ ಅದರ ಊಟ. ಇಷ್ಟು ಸಾಧು ಜೀವಿಯ ಮೇಲೆ ಜನರ ಆಸೆಯ ಕಣ್ಣು ಬಿದ್ದಿದೆ. ಎರಡು ತಲೆಯ ಹಾವು ಮನೆಯಲ್ಲಿದ್ದರೆ ಐಶ್ವರ್ಯ, ನಿಧಿ ತೋರಿಸುತ್ತದೆ, ತೂಕ ಹೆಚ್ಚಿದಷ್ಟೂ ಬೆಲೆ ಲಕ್ಷ, ಕೋಟಿ ಎಂಬ ಸುಳ್ಳು ಹಬ್ಬಿ, ಕದ್ದು ಸಾಗಿಸುವವರ ಜಾಲವೇ ಬೆಳೆದಿದೆ.

ಕೆಲವು ವರ್ಷಗಳ ಹಿಂದೆ ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ತನ್ನ ಹೊಲದ ಬದುವಿನಲ್ಲಿ ನನಗೆ ಈ ಹಾವು ತೋರಿಸಿದ. ಸಂಜೆಬೆಳಕಿನಲ್ಲಿ ಇಟ್ಟಿಗೆ ಬಣ್ಣದ ಮೈ, ಮಣ್ಣಿನಿಂದ ಅರ್ಧ ಹೊರಬಂದಿತ್ತು. ಐದಾರು ಚಿತ್ರ ತೆಗೆದೆ. ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಅದನ್ನು ತೋರಿಸಿದ ಮೂರನೇ ದಿನ ಬೈಕಿನಲ್ಲಿ ಅಪರಿಚಿತನೊಬ್ಬ ಮನೆಗೆ ಬಂದ. ಕಾಫಿ ಕುಡಿದ. 'ಸಾರ್, ಫೋಟೊ ಚೆನ್ನಾಗಿದೆ ಅಂತ ಕೇಳಿದೆ. ಜಾಗ ಹೇಳಿ ಸಾಕು, ನಿಮ್ಮ ಖರ್ಚೆಲ್ಲ ನೋಡ್ಕೋತೀವಿ' ಎಂದ. ಯಾವ ಜಾಗವೂ ನೆನಪಿಲ್ಲ, ವಯಸ್ಸಾಯಿತು ಎಂದೆ. ಎಪ್ಪತ್ತಾದವರಿಗೆ ಇದೊಂದು ಅನುಕೂಲವಿದೆ, ಮರೆವು ಎಂದರೆ ಯಾರೂ ಅನುಮಾನ ಪಡುವುದಿಲ್ಲ.

ಅವನು ಹೋದ ಮೇಲೆ ನನಗೆ ಹುಡುಗನ ಚಿಂತೆ ಹತ್ತಿತು. ಮರುದಿನವೇ ಹೋದೆ. ನನ್ನ ಊಹೆ ನಿಜವಾಗಿತ್ತು. ಇನ್ನೊಬ್ಬ ಆಗಲೇ ಅವನ ಬಳಿ ಬಂದು, ಹಿಡಿದುಕೊಟ್ಟರೆ ಐವತ್ತು ಸಾವಿರ ಎಂದಿದ್ದ. ಆ ವರ್ಷ ಹೊಗೆಸೊಪ್ಪಿಗೆ ಬೆಲೆ ಸಿಕ್ಕಿರಲಿಲ್ಲ. ಅವನ ಅಪ್ಪನಿಗೆ ಸಾಲವಿತ್ತು. ಹುಡುಗ ನನ್ನ ಮುಖ ನೋಡದೆ, 'ತಾತ, ಒಂದು ಹಾವು ತಾನೆ?' ಎಂದ.

ನಾನು ಉಪದೇಶ ಮಾಡಲಿಲ್ಲ. ಜೀವನವಿಡೀ ಮಾಡಿದ್ದನ್ನೇ ಮಾಡಿದೆ, ಕಾಗದ ತೆಗೆದು ಲೆಕ್ಕ ಬರೆದೆ. ಒಂದು ಕಡೆ ಬರುವುದು: ಐವತ್ತು ಸಾವಿರ, ಅದೂ ಬಾಯಿಮಾತು, ರಸೀದಿಯಿಲ್ಲ. ಇನ್ನೊಂದು ಕಡೆ ಹೋಗುವುದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು, ಜೈಲು, ವಕೀಲರ ಖರ್ಚು, ಶಾಲೆ. ಸಿಕ್ಕಿಬೀಳುವುದು ಹಿಡಿದವನು, ಬೈಕಿನವನಲ್ಲ. ಆಮೇಲೆ ಅವನಪ್ಪನನ್ನು ಕೇಳಿದೆ, 'ವರ್ಷಕ್ಕೆ ಇಲಿ ಎಷ್ಟು ರಾಗಿ ತಿಂತದೆ?' ಆತ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, 'ಅಂಗಾರೆ ಅದು ನಮ್ ಕೆಲ್ಸನೇ ಮಾಡ್ತಾ ಅದಲ್ಲ ಬುದ್ಧಿ. ಇದ್ಕಳ್ಳಿ ಬುಡು' ಎಂದ. ಬೈಕಿನವನ ವಿಷಯವನ್ನು ಅರಣ್ಯ ಇಲಾಖೆಗೆ ತಿಳಿಸಿದೆವು. ಸಾಲದ ಕಂತು ಮುಂದೂಡಲು ಅರ್ಜಿ ಬರೆದುಕೊಟ್ಟೆ. ಆ ಕೆಲಸ ನನಗೆ ಗೊತ್ತಿತ್ತು.

ಹಾವು ಆಮೇಲೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಮಣ್ಣಿನೊಳಗೇ ಬದುಕುವ ಹಾವು, ಕಾಣದಿರುವುದೇ ಅದರ ಗುಣ. ಯಾರಾದರೂ ಒಯ್ದರೋ, ಅಲ್ಲೇ ಇದೆಯೋ ಹೇಳಲಾರೆ. ಹುಡುಗ ಮಾತ್ರ ಈಗ ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾನೆ, ಊರಿಗೆ ಬಂದಾಗ ತನ್ನ ಫೋನಿನಲ್ಲಿ ಓತಿಕ್ಯಾತನ ಚಿತ್ರ ತೆಗೆದು ತೋರಿಸುತ್ತಾನೆ.

ಆ ದಿನದಿಂದ ನಾನು ಯಾವ ಚಿತ್ರದ ಜೊತೆಗೂ ಹಳ್ಳಿಯ ಹೆಸರು ಹೇಳುವುದಿಲ್ಲ, ತಾಲ್ಲೂಕು ಮಾತ್ರ. ಮಕ್ಕಳೇ, ನಿಮ್ಮ ಫೋನು ಚಿತ್ರದ ಜೊತೆ ತೆಗೆದ ಜಾಗವನ್ನೂ ಗುಟ್ಟಾಗಿ ಬರೆದಿಟ್ಟುಕೊಳ್ಳಬಹುದು. ಕ್ಯಾಮೆರಾದ ಸೆಟ್ಟಿಂಗ್ಸಿನಲ್ಲಿ ಲೊಕೇಶನ್ ಆರಿಸಿ.

ಈ ಭಾನುವಾರ ಶುರು ಮಾಡಿ

ಬೋರೆ ಕುಗ್ಗುತ್ತಿದೆ. ಖಾಲಿ ಜಾಗ ಎಂದು ಹೆಸರಿಟ್ಟ ಮೇಲೆ ಅದನ್ನು ತುಂಬಲು ಎಲ್ಲರೂ ಸಿದ್ಧ. ಸೈಟು, ಕಲ್ಲುಕೊರೆ, ಕಸ. ಬದುವಿನ ಗಿಡಗಳನ್ನು ಕಳೆನಾಶಕ ಸುಟ್ಟಿದೆ. ನಾನು 1980ರ ದಶಕದಲ್ಲಿ ಚಿತ್ರ ತೆಗೆದ ಕೆಲವು ಜಾಗಗಳಲ್ಲಿ ಈಗ ಒಂದು ಎಕ್ಕದ ಗಿಡವೂ ಇಲ್ಲ. ಅಲ್ಲಿ ಹಿಂದೆ ಏನಿತ್ತು ಎಂಬುದಕ್ಕೆ ನನ್ನ ಹಳೆಯ ನೋಟುಪುಸ್ತಕ ಮತ್ತು ಡಬ್ಬಿಯೊಳಗಿನ ನೆಗೆಟಿವ್‌ಗಳೇ ಸಾಕ್ಷಿ. ಅದಕ್ಕೇ ಹೇಳುವುದು, ನೋಡಿದ್ದನ್ನು ಬರೆದಿಡಿ.

ದುಬಾರಿ ಕ್ಯಾಮೆರಾ ಬೇಡ, ಮನೆಯ ಫೋನು ಸಾಕು. ಬೆಳಗಿನ ಎಳೆಬಿಸಿಲಿನಲ್ಲಿ ಹೋಗಿ, ಆಗ ಹುಳಗಳೂ ನಿಧಾನ, ಬೆಳಕೂ ಮೃದು. ನಿಮ್ಮ ನೆರಳು ಹುಳದ ಮೇಲೆ ಬೀಳದಿರಲಿ. ಅದರ ಕಣ್ಣಿನ ಮಟ್ಟಕ್ಕೆ ನೀವು ಬಗ್ಗಿ, ಕಣ್ಣು ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾದರೂ ಚಿತ್ರ ನಿಲ್ಲುತ್ತದೆ. ಅಲುಗದಿರಲೆಂದು ಹುಳವನ್ನು ಫ್ರಿಜ್ಜಿನಲ್ಲಿಟ್ಟು ಚಿತ್ರ ತೆಗೆಯುವವರಿದ್ದಾರೆ. ಅದು ಬೇಡ. ಕಲ್ಲು ಎತ್ತಬೇಡಿ, ಬಿಲಕ್ಕೆ ಕೈ ಹಾಕಬೇಡಿ, ಕಾಲಿಗೆ ಶೂ ಇರಲಿ. ಕಾಡಂಚಿನ ಊರಿನವರು ಬೆಳಕು ಬಲಿತ ಮೇಲೆ ಹೊರಟು, ಸಂಜೆಗೆ ಮುಂಚೆ ಮನೆ ಸೇರಿ. ಆನೆ, ಹುಲಿ ನಿಮ್ಮ ಚಿತ್ರಕ್ಕಾಗಿ ಕಾಯುವುದಿಲ್ಲ.

ಒಂದು ಗಿಡ ಆರಿಸಿಕೊಳ್ಳಿ. ಮೊಮ್ಮಕ್ಕಳು ಚಿತ್ರ ತೆಗೆಯಲಿ, ಅಜ್ಜ–ಅಜ್ಜಿ ನೋಟುಪುಸ್ತಕ ಹಿಡಿಯಲಿ. ತಾರೀಖು, ಸಮಯ, ಗಿಡದ ಹೆಸರು, ಕಂಡ ಜೀವಿ ಎಂಬ ನಾಲ್ಕು ಕಾಲಂ ಸಾಕು. ಹೆಸರು ಗೊತ್ತಿಲ್ಲದಿದ್ದರೆ 'ಕೆಂಪು ಮೈ, ಆರು ಕಾಲು' ಎಂದು ಬರೆಯಿರಿ, ಹೆಸರು ಆಮೇಲೆ ಸಿಗುತ್ತದೆ. ಅಂದಹಾಗೆ, ಮೊದಲ ಮಳೆಗೆ ಕೆಂಪು ಮಖಮಲ್ಲಿನ ಗುಂಡಿಯಂಥ ಪುಟ್ಟ ಹುಳ ನೆಲದ ಮೇಲೆ ಕಂಡರೆ ಕಾಲು ಎಣಿಸಿ ನೋಡಿ. ಎಂಟಿರುತ್ತದೆ. ಹಾಗಾದರೆ ಅದು ಕೀಟವೋ, ಜೇಡದ ನೆಂಟನೋ? ಉತ್ತರವನ್ನು ನಿಮ್ಮ ಪುಸ್ತಕದಲ್ಲೇ ಬರೆಯಿರಿ.